ದಾನಿ ಸಂಖ್ಯೆ ಹದಿನೇಳು

ಡಂಡೀಯ ಗಾಳಿಗೆ ಟೋಪಿ ಒತ್ತಿ ಹಿಡಿದುಕೊಂಡು
ಬಸ್ಸಿಳಿದು ಬಂದಳು ಐಲಾ ಪೆಟ್ರಿ, ಎಂಬತ್ತನಾಲ್ಕು.
ಫಾರ್ಮಿನಲ್ಲಿ ಬರೆದೆ: ಆರೋಗ್ಯವಂತೆ, ಸ್ವಂತ ಹಲ್ಲು ಒಂಬತ್ತು.
ಹಲ್ಲಿಗೆ ಅಲ್ಲಿ ಜಾಗವೇ ಇಲ್ಲ, ಅವಳೇ ಹಟಹಿಡಿದು ಬರೆಸಿದಳು.

ರಟ್ಟೆಗೆ ಪಟ್ಟಿ ಬಿಗಿದು ನರ ಹುಡುಕುವಾಗ ಕೇಳಿದಳು:
"ನನ್ನ ರಕ್ತದಲ್ಲಿ ಏನಿದೆಯಂತೆ ಹುಡುಗಿ?"
ನನಗೆ ಐವತ್ತೊಂಬತ್ತು. ಹುಡುಗಿ ಎಂದದ್ದಕ್ಕೆ
ಸೂಜಿಯನ್ನು ಇನ್ನಷ್ಟು ಮೆಲ್ಲಗೆ ಚುಚ್ಚಿದೆ.

ಹೇಳಿದೆ: ಮೂಳೆಯ ಮಜ್ಜೆಯಲ್ಲಿ ದಿನವೂ
ಬಿ ಜೀವಕೋಶಗಳು ಹುಟ್ಟುತ್ತವೆ, ಒಂದೊಂದರ ಕೈಗೂ
ಕಣ್ಣುಮುಚ್ಚಿ ಕೆತ್ತಿದ ಒಂದೊಂದು ಕೀಲಿಕೈ.
ಕೆಲವು ನಮ್ಮ ಮನೆಯ ಬೀಗಕ್ಕೇ ಕೂತುಬಿಡುತ್ತವೆ.
ಅಂಥವಕ್ಕೆ, ತಿದ್ದಿಕೋ, ಎಂದು ಒಂದು ಅವಕಾಶ;
ತಿದ್ದದಿದ್ದರೆ ಹುಟ್ಟಿದಲ್ಲೇ ಮಣ್ಣು.
ವಯಸ್ಸಾದಂತೆ ಹೊಸಬರು ಕಡಿಮೆ, ಹಳಬರು ಜಾಗ ಬಿಡರು,
ಬಾಗಿಲ ಕಾವಲೂ...

"ಗೊತ್ತು ಬಿಡು," ಎಂದಳು. "ಮೂವತ್ತೊಂದು ವರ್ಷ
ಸೆಣಬಿನ ಗಿರಣಿಯಲ್ಲಿ ಗೋಣಿಚೀಲ ನೋಡಿದವಳು ನಾನು.
ಬೆಳಕಿಗೆ ಹಿಡಿ. ತೂತಿದ್ದರೆ ಎಡಕ್ಕೆ ಎಸೆ.
ಹೊಲಿಯಬಹುದಾದ್ದು ಜೆಸ್ಸಿಯ ಬುಟ್ಟಿಗೆ.
ಕಿವಿ ಯಂತ್ರಕ್ಕೆ ಮೊದಲೇ ಹೋಗಿತ್ತು, ಕೊನೆಗೆ ಕಣ್ಣೂ ಸೋತಿತು.
ಎಷ್ಟು ತೂತು ನನ್ನ ಕೈದಾಟಿ ಹಡಗು ಹತ್ತಿದವೋ!
ಊರೇನೂ ಮುಳುಗಲಿಲ್ಲ. ಎಲ್ಲೋ ದಾರಿಯಲ್ಲಿ
ನಾಲ್ಕು ಆಲೂಗಡ್ಡೆ ಉದುರಿರಬೇಕು."

ಸಂಜೆ, ಕತ್ತಲ ಕೋಣೆ. ಗಾಜಿನ ಪಟ್ಟಿಯ ಮೇಲೆ
ಯಾರದೋ ಜೀವಕೋಶ, ಅದರ ಮೇಲೆ ಐಲಾಳ ರಕ್ತಸಾರ.
ಎಂಬತ್ತು ಪಟ್ಟು ತೆಳುಮಾಡಿದರೂ
ನಡುವಿನ ತಿರುಳು ಹಸಿರಾಗಿ ಮಿನುಗಿತು.
ಎಲ್ಲರೊಳಗೂ ಇರುವ ತಿರುಳು, ಅವಳೊಳಗೂ.

ಬೇಲಿಯೇ ಎದ್ದು ಹೊಲ ಮೇಯಿತೆ?
ಗಾದೆಗೆ ಬೇಲಿಯ ವಯಸ್ಸು ಗೊತ್ತಿಲ್ಲ.
ಇದು ಮೇಯುವುದಲ್ಲ. ಬುಡ ಹಳತಾಗಿ
ಪೈರಿನ ಮೇಲೆ ತುಸು ಒರಗಿದೆ, ಅಷ್ಟೆ.
ಅಷ್ಟೆಯೋ ಅಲ್ಲವೋ, ಒರಗಿದ್ದು ಯಾರಲ್ಲಿ ಬೀಳುವುದೋ,
ಅದನ್ನು ಕೇಳಲೆಂದೇ ತಾನೆ ಫ್ರೀಜರಿನಲ್ಲಿ ಈ ಮುನ್ನೂರು ಕೊಳವೆ.

ಪಕ್ಕದ ಗಾಜು, ದಾನಿ ಹದಿನೆಂಟು, ನನ್ನದು.
ಬರಬೇಕಾದ ಮುದುಕ ಬಾರದೆ ನಾನೇ ತೋಳು ಚಾಚಿದ್ದೆ.
ಅರವತ್ತಕ್ಕೆ ಅರಳುಮರಳು; ಇನ್ನೂ ಒಂದು ವರ್ಷವಿದೆಯಲ್ಲ.

ಬಗ್ಗಿ ನೋಡಿದೆ. ಮೊದಲು ಬರೀ ಕಪ್ಪು.
ಆಮೇಲೆ, ಬೆಳಕಿಗೆ ಹಿಡಿದ ಗೋಣಿಯಲ್ಲಿ
ಎಳೆ ಸರಿದಲ್ಲಿ ತೂರಿಬಂದಂತೆ,
ಹಸಿರು. ಅಥವಾ ನನ್ನ ಕಣ್ಣು.

ಎಡಕ್ಕೋ, ಜೆಸ್ಸಿಯ ಬುಟ್ಟಿಗೋ?