ಖಾಲಿ ಜಾಗ

ಕೌಲ್ ಬಜಾರಿನ ಬೆನ್ನಿಗೆ, ರೈಲುಹಳಿಯ ಮಗ್ಗುಲಿಗೆ
ನಮ್ಮ ಓಣಿ.
ನಕ್ಷೆಯಲ್ಲಿಲ್ಲ. ಕೇಳಿದರೆ ಆಟೋದವ
"ನೀಲಿ ಮೋರಿಯಾ?" ಅಂತಾನೆ.
ಜೀನ್ಸ್ ತೊಳೆದ ನೀರು, ಮತ್ತೇನಲ್ಲ.

ನಳದ ಚಾವಿ ಹುಲಿಗೆಮ್ಮನ ಕೊರಳಲ್ಲಿ,
ತಾಳಿಯ ಜೊತೆಗೇ.
ಚೀಟಿ ದುಡ್ಡು ಖಾಜಾಬೀಯ ಹಿಟ್ಟಿನ ಡಬ್ಬಿಯಲ್ಲಿ.
ಯಾರಾದರೂ ಸತ್ತರೆ ಹೇಳಿ ಕಳಿಸೋದಿಲ್ಲ:
ಒಂದು ಮಷಿನ್ನು ನಿಂತಿತೆಂದರೆ
ಉಳಿದವೂ ನಿಲ್ಲುತ್ತವೆ.

ಮೊನ್ನೆ ಸರ್ವೇದವ ಬಂದ. ಟೇಪು ಎಳೆಯುತ್ತ
ತಂತಿಗೆ ಸಿಕ್ಕು ಪ್ಯಾಂಟು ಹರಕೊಂಡ.
ಚಾದರ ಸುತ್ತಿಸಿ, ಕೂಡಿಸಿ, ಚಾ ಕೊಟ್ಟು
ಖಾಜಾಬೀ ಹೊಲಿದಳು. ದುಡ್ಡು ಮುಟ್ಟಲಿಲ್ಲ.

ಹೋಗುವಾಗ ಬರಕೊಂಡನಂತೆ:
"ಖಾಲಿ ಜಾಗ."

ಇರಲಿ ಬಿಡಪ್ಪಾ.
ನಿನ್ನ ಮೊಣಕಾಲ ಮೇಲೆ ನಮ್ಮ ಓಣಿ,
ಹಳದಿ ದಾರ, ಎರಡೆಳೆ.
ಒಗೆದಷ್ಟೂ ಎದ್ದು ಕಾಣುತ್ತದೆ.