ಕಾವು

ದೂರದ ಬೆಟ್ಟ ನುಣ್ಣಗೆ ಎಂದವರು
ಲಿನೋಸಾಕ್ಕೆ ಬಂದವರಲ್ಲ.
ಇದು ದೂರದಿಂದಲೇ ಕಣ್ಣು ತರಚುತ್ತದೆ:
ಸಮುದ್ರದ ನಡುವೆ ಮೂರು ಬೆಟ್ಟ,
ಒಂದರ ಬಾಯಿ ಇನ್ನೂ ತೆರೆದೇ ಇದೆ
ಆಕಳಿಸುತ್ತಲೇ ನಿದ್ದೆಹೋದವನ ಹಾಗೆ.
ಆ ಬಾಯೊಳಗೆ ನಾವು ಚನ್ನಂಗಿ ಬಿತ್ತುತ್ತೇವೆ.

ನನ್ನ ಕೆಲಸ ಹಗ್ಗ ಹಿಡಿಯುವುದು.
ಹಡಗಿನವರು ಎಸೆಯುತ್ತಾರೆ, ಹಿಡಿದು ಗೂಟಕ್ಕೆ ಸುತ್ತುತ್ತೇನೆ. ಅಷ್ಟೆ.
ಯಾವ ಕಟ್ಟೆಯಲ್ಲಿ ನಿಲ್ಲಬೇಕೆಂದು ಮಾತ್ರ ಗಾಳಿ ಹೇಳಬೇಕು.
ಪಡುವಲಿಂದ ಎದ್ದರೆ ಮೂಡಣ ಕಟ್ಟೆಗೆ ಓಡು,
ಮೂಡಲಿಂದ ಎದ್ದರೆ ಪಡುವಣಕ್ಕೆ.
ಎಲ್ಲ ಕಡೆಯಿಂದಲೂ ಬೀಸಿದರೆ
ಹಡಗು ನಮ್ಮನ್ನೊಮ್ಮೆ ನೋಡಿ, ಕೂಗಿ, ತಿರುಗಿಬಿಡುತ್ತದೆ
ನಮ್ಮ ಈರುಳ್ಳಿ, ಔಷಧಿ, ಗ್ಯಾಸ್ ಸಿಲಿಂಡರುಗಳ ಜೊತೆಗೆ
ಮದುವೆಗೆಂದು ಬಂದ ಸೋದರತ್ತೆಯನ್ನೂ ಕಟ್ಟಿಕೊಂಡು.
ಅತ್ತೆ ಕೈ ಬೀಸಿದ್ದು ಬೈದದ್ದೋ ಹರಸಿದ್ದೋ
ಇವತ್ತಿಗೂ ಮನೆಯಲ್ಲಿ ಜಗಳ.

ನೇಪಲ್ಸಿನ ರಾಜನಿಗೆ ಭೂಪಟದಲ್ಲಿ
ಒಂದು ಚುಕ್ಕೆ ಖಾಲಿ ಕಂಡಿತಂತೆ.
ನನ್ನ ಮುತ್ತಜ್ಜನ ಅಪ್ಪನನ್ನು, ಇನ್ನಷ್ಟು ಮಂದಿಯನ್ನು
ಕಾಳಿನಂತೆ ಅದರ ಮೇಲೆ ಉದುರಿಸಿದ.
ಮನೆ ಇರಲಿಲ್ಲ, ಗುಹೆ ಇತ್ತು.
ಅವರಿಗೂ ಎಷ್ಟೋ ಮೊದಲು ಬಂದವರು ಕೊರೆದ
ನೀರತೊಟ್ಟಿಗಳಿದ್ದವು;
ಕಲ್ಲಲ್ಲಿ ಉಳಿಯ ಗುರುತಿತ್ತು, ಉಳಿ ಹಿಡಿದವರ ಹೆಸರಿಲ್ಲ.

ಬಾವಿಯಿಲ್ಲ, ಒರತೆಯಿಲ್ಲ.
ಬೆಂಕಿ ಹೆತ್ತ ನೆಲ ನೀರನ್ನು ಮಲಮಗಳಂತೆ ಕಂಡಿತು.
ಮಾಳಿಗೆಯ ಮೇಲೆ ಬಿದ್ದದ್ದನ್ನು ತೊಟ್ಟಿಗೆ ಇಳಿಸಿಕೊಂಡು
ಅಜ್ಜಿ ನುಂತ್ಸಿಯಾ ಕೊಡ ಎಣಿಸಿದಂತೆ ಮಾತೂ ಎಣಿಸುತ್ತಿದ್ದಳು.
"ಬಾಯಾರುವಷ್ಟು ಮಾತಾಡಬೇಡವೋ, ಜೆರ್ಲಾಂದೊ."

ಹಸು ಮಾರಿದ ದಿನ ಅದೂ ಇಲ್ಲ.
ಕಟ್ಟೆಯಿಂದ ನೀರಿಗೆ ತಳ್ಳಿ, ದೋಣಿಯ ಹಿಂದೆ ಈಜಿಸಿ,
ಹೊಟ್ಟೆಗೆ ಪಟ್ಟಿ ಬಿಗಿದು ಹಡಗಿಗೆ ಎತ್ತಿದರು.
ಪಾರಿವಾಳ ಎಂದು ಅವಳೇ ಹೆಸರಿಟ್ಟಿದ್ದ ಹಸು
ನಾಲ್ಕೂ ಕಾಲು ತೂಗಾಡಿಸುತ್ತ
ಒಂದು ಗಳಿಗೆ ನಿಜಕ್ಕೂ ಹಾರಿತು.

ಆಮೇಲೆ ಸರ್ಕಾರ ಕಳಿಸಿದ್ದು ಗಂಡಸರನ್ನು:
ಆಚೆ ದಡದಲ್ಲಿ ಇಟ್ಟುಕೊಳ್ಳಲು ಹೆದರಿದವರನ್ನು.
ಇಸ್ತ್ರಿ ಹಾಕಿದ ಅಂಗಿ, ಮಧ್ಯಾಹ್ನವಿಡೀ ಇಸ್ಪೀಟು.
ಒಬ್ಬ ನನಗೆ ಭಿನ್ನರಾಶಿ ಕಲಿಸಿದ. ಒಳ್ಳೆಯ ಮೇಷ್ಟ್ರು.
ಏನು ಮಾಡಿ ಬಂದಿದ್ದನೆಂದು ರೇಡಿಯೊ ಹೇಳುವಷ್ಟರಲ್ಲಿ
ನನಗೆ ಲೆಕ್ಕ ಬಂದುಬಿಟ್ಟಿತ್ತು.

ಪಡುವಣ ಕಿನಾರೆಯಲ್ಲಿರುವುದು ಮರಳಲ್ಲ, ಮಸಿ.
ಬೆಟ್ಟ ಆರಿ ಎಷ್ಟು ಸಾವಿರ ವರ್ಷವೋ;
ಆ ಕಪ್ಪು ಮಾತ್ರ ಬಿಸಿಲು ಕುಡಿಯುವುದನ್ನು ಬಿಟ್ಟಿಲ್ಲ.
ಆಷಾಢದಲ್ಲಿ ಬರಿಗಾಲಲ್ಲಿ ನಡೆದವನು ಕುಣಿಯಲೇಬೇಕು.
ಅಜ್ಜಿ ಅಲ್ಲಿ ನೋಯುವ ಮಂಡಿಗಳನ್ನು ಹೂತು ಕೂರುತ್ತಿದ್ದಳು
ಸಂಜೆಯವರೆಗೆ, ಬೇಯುವ ಗೆಣಸಿನಂತೆ.

ಈಗ ಅದೇ ಜಾಗದಲ್ಲಿ
ಪಾದುವಾದ ಹುಡುಗಿ ಓರ್ನೆಲ್ಲಾ ಥರ್ಮಾಮೀಟರ್ ಹೂಳುತ್ತಾಳೆ.
ಕಡಲಾಮೆ ಬಂದು ಮೊಟ್ಟೆಯಿಟ್ಟು ಹೋಗುತ್ತದೆ,
ಕಾವು ಕೊಡುವುದಿಲ್ಲ;
ಕಾವು ಕೊಡುವುದು ಬೆಟ್ಟದ ಬೂದಿ.
"ಇಷ್ಟು ಬಿಸಿಗೆ ಬಹುಪಾಲು ಹೆಣ್ಣೇ ಹುಟ್ಟೋದು," ಎಂದಳು.
ನಾನು ಅಜ್ಜಿಯನ್ನು ನೆನೆದೆ. ಹೇಳಲಿಲ್ಲ.

ಹೋದ ವರ್ಷ ಒಂದು ರಾತ್ರಿ ಕರೆದಳು: ಕಟ್ಟೆಯ ದೀಪ ಆರಿಸು.
ಬಂಡೆಯ ಸಂದಿಯಲ್ಲಿ ಕಡಲಹಕ್ಕಿಗಳು
ಹಸಿದ ಕೂಸುಗಳಂತೆ ಅಳುತ್ತಿದ್ದವು,
ಯಾರೂ ಎತ್ತಿಕೊಳ್ಳದ ಕೂಸುಗಳು.
ಮಸಿ ಅಲುಗಿತು. ಮತ್ತೆ ಅಲುಗಿತು.
ಬಟ್ಟಲು ಮಗುಚಿದಂಥವು, ಅಂಗೈಯಷ್ಟೂ ಇಲ್ಲ,
ಒಂದರ ಮೇಲೊಂದು ಬಿದ್ದು, ಎದ್ದು, ನೀರಿಗೆ.

ಅಭ್ಯಾಸಬಲ: ನನ್ನ ಕೈ ಹಗ್ಗ ಹುಡುಕಿತು.
ಗಾಳಿಯನ್ನು ಕೇಳದೆ ಈ ದ್ವೀಪ ಬಿಟ್ಟವರನ್ನು
ನಾನು ಕಂಡದ್ದು ಅವತ್ತೇ.

ಅರವತ್ತೊಂದು, ಓರ್ನೆಲ್ಲಾ ಬರೆದುಕೊಂಡಳು.
ಒಂದು ಮೊಟ್ಟೆ ಒಡೆದಿರಲಿಲ್ಲ.
ಕಿವಿಗೆ ಹಿಡಿದಳು, ನನ್ನ ಕಿವಿಗೂ ಹಿಡಿದಳು.
ಏನೂ ಕೇಳಲಿಲ್ಲ.
ಹಾಗೇ ಮುಚ್ಚಿದೆವು. ನಡುರಾತ್ರಿ ಕಳೆದಿತ್ತು,
ಮರಳು ಇನ್ನೂ ಬೆಚ್ಚಗಿತ್ತು.