ಅಡಿಬರಹ

ಜರ್ಮನ್ ಸಿನಿಮಾ. ಯಾವುದೋ ಹಳೇ ಕಾದಂಬರಿಯದಂತೆ.
ಮಂಡ್ಯದ ನೌಕರರ ಭವನದಲ್ಲಿ ಭಾನುವಾರ ಸಂಜೆ
ಗೋಡೆಗೆ ಬಿಗಿದ ಡಬಲ್ ಪಂಚೆ, ಎರವಲು ಪ್ರೊಜೆಕ್ಟರು,
ನಲವತ್ತು ಕುರ್ಚಿ, ಹದಿನೇಳು ಜನ,
ಕಿಟಕಿಯಿಂದ ಕಾಕಂಬಿಯ ಹುಳಿ ವಾಸನೆ.

ಕೆಳಗೆ ಓಡುವ ಇಂಗ್ಲಿಷನ್ನು ಹಿಡಿಹಿಡಿದು
ಮೈಕಿನಲ್ಲಿ ಕನ್ನಡ ಮಾಡಿ ಹೇಳುವುದು ನನ್ನ ಕೆಲಸ.
ಗ್ರಾಮಲೆಕ್ಕಿಗನಾಗಿ ರಿಟೈರಾದ ಗಂಟಲು;
ಪಹಣಿ ಓದಿದ ಹಾಗೆ ಓದುತ್ತೇನೆಂದು ಹುಡುಗರು ನಗುತ್ತಾರೆ.

ಪಂಚೆಯ ಮೇಲೆ ಹಿಮ ಬೀಳುವ ಊರು.
ಒಬ್ಬಳು ಹುಡುಗಿ. ಮದುವೆಗೆ ಮೊದಲೇ ಬಸಿರು.
ಇಗರ್ಜಿ ಬಾಗಿಲಲ್ಲಿ ಅವಳ ತಲೆಗೆ
ಹೂವಿನ ಬದಲು ಒಣಹುಲ್ಲಿನ ಸಿಂಬಿ ಇಡುತ್ತಾರೆ.
ಎಲ್ಲರೂ ನೋಡುತ್ತಾರೆ. ಯಾರೂ ಏನೂ ಅನ್ನುವುದಿಲ್ಲ.
ಅಷ್ಟು ಹೊತ್ತು ನನಗೂ ಕೆಲಸವಿಲ್ಲ.

ಆಮೇಲೆ ಪಾದ್ರಿ ಬಾಯಿ ತೆರೆದ.
ಒಂದೇ ಪದ. ಇಂಗ್ಲಿಷಿನಲ್ಲೂ ಒಂದೇ.
ನಾಚಿಕೆ ಅನ್ನಲೆ? ಅದು ಹಸೆಮಣೆ ಮೇಲಿನದು.
ಅವಮಾನ? ಅದು ಪೇಪರಿನದು.
ಲಜ್ಜೆ? ಅದನ್ನು ಮಂಡ್ಯದಲ್ಲಿ ಯಾರೂ ಪಡುವುದಿಲ್ಲ.
ಅಷ್ಟರಲ್ಲಿ ನಾಲಿಗೆ ತಾನೇ ಹೇಳಿಬಿಟ್ಟಿತು:
"ತಪ್ಪುಕಾಣಿಕೆ."

ಹೇಳಿದ ಮೇಲೆ ಕಂಡೆ. ಮೂರನೇ ಸಾಲಿನಲ್ಲಿ
ಚಿಕ್ಕತಾಯಮ್ಮ, ಮೊಮ್ಮಗಳ ಜೊತೆ.
ಎಂಬತ್ತೆರಡನೇ ಇಸವಿ, ಅರಳೀಕಟ್ಟೆ,
ಐನೂರ ಒಂದು ರೂಪಾಯಿ ದೇವರ ಲೆಕ್ಕಕ್ಕೆ,
ಊರೆಲ್ಲ ಕೂತಿದ್ದಾಗ ಒಬ್ಬಳೇ ನಿಂತಿದ್ದಳು.
ರಸೀದಿ ಬರೆದ ಕೈ ನನ್ನದು.
ಅಕ್ಷರ ದುಂಡಗಿದೆ ಎಂದು ಯಜಮಾನರು ಮೆಚ್ಚಿದ್ದರು.

ಮುಂದಿನ ನಾಲ್ಕಾರು ಸಾಲು ನಾನು ಓದಲಿಲ್ಲ.
"ಸಾರ್, ವಾಯ್ಸ್!" ಎಂದ ಹಿಂದಿನಿಂದ ಯಾರೋ.
ಅಲ್ಲಿ ಹುಡುಗಿ ಏನೋ ಹೇಳುತ್ತಲೇ ಇದ್ದಳು,
ಬಾಯಿಂದ ಬರೀ ಹಬೆ.
ಅದು ಕನ್ನಡಕ್ಕೆ ಬರಲಿಲ್ಲ.

ಲೈಟು ಹಾಕಿದರು. ಟೀ, ಬಿಸ್ಕತ್ತು, ಸಂವಾದ.
ಉಪನ್ಯಾಸಕರೊಬ್ಬರು ಎದ್ದು ಪಿತೃಪ್ರಧಾನ ವ್ಯವಸ್ಥೆ ಎಂದರು, ಕೂತರು.
ಚಿಕ್ಕತಾಯಮ್ಮ ಕೂತಲ್ಲಿಂದಲೇ:
"ಅಲ್ಲ ಕನಪ್ಪ, ಆ ಹೆಣ್ಣಿನ ತಲೆ ಮ್ಯಾಲಿನ ಹುಲ್ಲ
ಆಮೇಕೆ ಏನ್ ಮಾಡುದ್ರು?
ಒಂದು ಹಸ ಬುಟ್ಟಿದ್ರೆ ತಿಂದಾಕ್ಬುಡ್ತಿತ್ತು.
ಅದ್ಕೇನ್ ಗೊತ್ತು."

ಎಲ್ಲರೂ ನಕ್ಕರು. ಅವಳೂ.
ನಗುತ್ತ ನನ್ನ ಕಡೆ ನೋಡಿದಳೋ,
ನನ್ನ ಹಿಂದಿನ ಗಡಿಯಾರದ ಕಡೆಯೋ.
ಸಕ್ಕರೆ ಫ್ಯಾಕ್ಟರಿ ಸೈರನ್ ಕೂಗಿ ಸುಮ್ಮನಾಯಿತು.
ಕೈಯಲ್ಲಿ ಮೈಕು ಇನ್ನೂ ಆನಾಗಿತ್ತು;
ನಾನು ಉಸಿರೆಳೆದದ್ದು
ಇಡೀ ಹಾಲಿಗೆ ಕೇಳಿಸಿತು.